ವೈದ್ಯಶಾಸ್ತ್ರದ ಇತಿಹಾಸದಲ್ಲಿ ಹೆಂಗಸರ ಹೆಸರುಗಳು ಏಕೆ ಕಾಣುವುದಿಲ್ಲ?

ಹೆಂಗಸರು ಅನಾದಿಯಿಂದಲೂ ಚಿಕಿತ್ಸೆ ಮಾಡುತ್ತ ಬಂದವರು ಎಂದು ನಾನು ಬರೆದಾಗಲೆಲ್ಲ ಓದುಗರು ಮೇಲಿನ ಪ್ರಶ್ನೆಯನ್ನು ಕೇಳುತ್ತಾರೆ. ಉತ್ತರವಾಗಿ ನಾನು ಪ್ಯಾರಿಸ್ಸಿನ ಜಕೋಬಾ ಫೆಲಿಸಿಯ ಮೊಕದ್ದಮೆಯನ್ನು ಹೇಳುತ್ತೇನೆ.

1322ರಲ್ಲಿ, ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸುತ್ತಿದ್ದಾಳೆಂದು ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವು ಆಕೆಯ ಮೇಲೆ ದೂರು ಹೂಡಿತು. ರೋಗಿಗಳ ಮನೆಗೆ ಹೋಗುತ್ತಾಳೆ, ಮೂತ್ರ ಪರೀಕ್ಷಿಸುತ್ತಾಳೆ, ನಾಡಿ ಹಿಡಿಯುತ್ತಾಳೆ, ಮೈ ಮುಟ್ಟಿ ನೋಡುತ್ತಾಳೆ, ಔಷಧ ಕುಡಿಸುತ್ತಾಳೆ ಎಂಬುವು ಆರೋಪಗಳು. ಯಾವ ಒಳ್ಳೆಯ ವೈದ್ಯರು ತಾನೇ ಇವನ್ನು ಮಾಡುವುದಿಲ್ಲ? ಸಾಕ್ಷಿ ಹೇಳಲು ಬಂದ ರೋಗಿಗಳು, ಬೇರೆ ವೈದ್ಯರ ಕೈಯಲ್ಲಿ ವಾಸಿಯಾಗದ ತಮ್ಮ ಕಾಯಿಲೆಯನ್ನು ಈಕೆ ವಾಸಿಮಾಡಿದಳೆಂದರು. ತಮ್ಮ ಗುಪ್ತ ಕಾಯಿಲೆಯನ್ನು ಗಂಡಸಿಗೆ ತೋರಿಸಲು ನಾಚಿ ಎಷ್ಟೋ ಹೆಂಗಸರು ಪ್ರಾಣ ಬಿಟ್ಟಿರುವುದರಿಂದ, ಹೆಂಗಸರಿಗೆ ಹೆಂಗಸೇ ಚಿಕಿತ್ಸೆ ಮಾಡುವುದು ಉಚಿತವೆಂದು ಆಕೆಯ ಪರವಾಗಿ ವಾದಿಸಲಾಯಿತು. ಇದಾವುದೂ ಫಲಿಸಲಿಲ್ಲ. ಮತ್ತೆ ಚಿಕಿತ್ಸೆಗೆ ಕೈಹಾಕಿದರೆ ಚರ್ಚಿನಿಂದ ಬಹಿಷ್ಕಾರ ಮತ್ತು 60 ಲಿವ್ರ್ (ಆಗಿನ ಫ್ರಾನ್ಸಿನ ಹಣ) ದಂಡವೆಂದು ತೀರ್ಪಾಯಿತು. ವಿಶ್ವವಿದ್ಯಾಲಯಕ್ಕೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲವಾದ್ದರಿಂದ, ಕೇಳಿದ ಪರವಾನಗಿಯನ್ನು ಆಕೆ ಪಡೆಯುವ ದಾರಿಯೂ ಇರಲಿಲ್ಲ. ಈ ಅನ್ಯಾಯ ಇಂದಿಗೂ ನನ್ನನ್ನು ನೋಯಿಸುತ್ತದೆ.

ಜಕೋಬಾಳ ಹೆಸರು ನಮಗೆ ದಕ್ಕಿರುವುದು ಈ ಮೊಕದ್ದಮೆಯ ಕಡತದಿಂದ. ಯಾರೂ ದೂರು ಕೊಡದೆ, ನೆಮ್ಮದಿಯಾಗಿ ಬದುಕಿನುದ್ದಕ್ಕೂ ರೋಗಿಗಳನ್ನು ಉಪಚರಿಸಿದ ಹೆಂಗಸರ ಹೆಸರನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. 1849ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್, 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ನಮ್ಮ ದೇಶದ ಆನಂದಿಬಾಯಿ ಜೋಶಿ ಪದವಿ ಪಡೆದರು. ಅಲ್ಲಿಂದೀಚೆಗೆ ಹೆಂಗಸರ ಹೆಸರುಗಳು ಪದವೀಧರರ ಪಟ್ಟಿಯಲ್ಲಿ ಹೆಚ್ಚಾಗಿ ಸೇರತೊಡಗಿದವು.

ನಮ್ಮ ನಾಡಿನಲ್ಲಿ ಪದವಿಯ ಹಂಗಿಲ್ಲದೆ ಸೂಲಗಿತ್ತಿಯರು ಊರೂರಲ್ಲಿ ಹೆರಿಗೆ ಮಾಡಿಸಿದರು. ಆಸ್ಪತ್ರೆಯ ಹೆರಿಗೆಯಿಂದ ಬಾಣಂತಿಯರ ಸಾವು ಇಳಿದದ್ದು ದೊಡ್ಡ ಸಂಗತಿ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಆಸ್ಪತ್ರೆಯೇ ಇಲ್ಲದ ಊರಲ್ಲಿ ನಡುರಾತ್ರಿ ನೋವು ಕಾಣಿಸಿಕೊಂಡರೆ ಬಂದು ಕೈಹಿಡಿಯುತ್ತಿದ್ದವರು ಅವರೇ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ತಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತು, ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 2014ರಲ್ಲಿ, ಪದ್ಮಶ್ರೀ ಬಂದದ್ದು 2018ರಲ್ಲಿ. ಆ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು; ಮೊದಲ ಹೆರಿಗೆ ಮಾಡಿಸಿದ್ದು ಇಪ್ಪತ್ತರ ಪ್ರಾಯದಲ್ಲಿ.