ಬೋಫೋರ್: ಅಂಚು ಒಳಕ್ಕೆ ಬಾಗಿದ ಚೀಸ್ ಗಾಲಿ

24 ಜೂನ್ 2024, ಸೋಮವಾರ

ಜೂನ್ ಬಂತೆಂದರೆ ಫ್ರಾನ್ಸಿನ ಸವೋವಾ ಸೀಮೆಯ ದನಗಳು ಬೆಟ್ಟ ಹತ್ತುತ್ತವೆ. ಬೋಫೋರ್ತಾಂ, ತಾರಾಂತೇಜ್, ಮೋರಿಯೆನ್ ಕಣಿವೆಗಳ ಮೇಲಿನ ಹುಲ್ಲುಗಾವಲುಗಳಲ್ಲಿ ಮೇಯುವ ಹಸುಗಳ ಹಾಲಿನಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾಡಿದ್ದು ‘ಬೇಸಿಗೆ ಬೋಫೋರ್’. ಕೊಳ್ಳುವವರಿಗೆ ಇಲ್ಲೊಂದು ಲೆಕ್ಕವಿದೆ. ಈ ಚೀಸ್ ಕನಿಷ್ಠ 5 ತಿಂಗಳು ಮಾಗಬೇಕು. ಹಾಗಾಗಿ ಜೂನ್‌ನಲ್ಲಿ ಬೇಸಿಗೆಯದೆಂದು ಸಿಗುವ ತುಂಡು ಹಿಂದಿನ ವರ್ಷದ್ದು, ಇಲ್ಲವೇ ಅದಕ್ಕೂ ಹಳೆಯದು.

ಹಾಲು ತಾರೀನ್, ಅಬೊಂದಾನ್ಸ್ ಎಂಬ ಎರಡು ತಳಿಗಳದ್ದು. ಹಿಂಡಿನ ಸರಾಸರಿ ಹಸುವೊಂದಕ್ಕೆ ವರ್ಷಕ್ಕೆ 5,000 ಕೆಜಿ ದಾಟುವಂತಿಲ್ಲ. ಸೈಲೇಜ್, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಮೇವು, ತಿನ್ನಿಸುವುದಂತೂ ಪೂರ್ತಿ ನಿಷಿದ್ಧ, ಅದಕ್ಕೆ ಗಟ್ಟಿ ಕಾರಣವೂ ಇದೆ. ಸೈಲೇಜಿನಿಂದ ಬರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಚೀಸಿನ ಕಾವಿಗೆ ಸಾಯುವುದಿಲ್ಲ. ತಿಂಗಳುಗಟ್ಟಲೆ ತೆಪ್ಪಗಿದ್ದು, ಆಮೇಲೆ ಅನಿಲ ಬಿಟ್ಟು ಗಾಲಿಯನ್ನು ಉಬ್ಬಿಸಿ ಸೀಳುತ್ತವೆ. 40 ಕೆಜಿ ಗಾಲಿಗೆ ಸುಮಾರು 400 ಲೀಟರ್ ಹಾಲು ಬೇಕು. ಅಷ್ಟೂ ಹಾಳು.

ಹಾಲನ್ನು ಕಾಯಿಸಿ ಕುದಿಸುವ ಮಾತಿಲ್ಲ, ಕೆನೆ ತೆಗೆಯುವುದೂ ಇಲ್ಲ. ತಾಮ್ರದ ಕೊಪ್ಪರಿಗೆಯಲ್ಲಿ ಹಸಿ ಹಾಲು 32-33 ಡಿಗ್ರಿಗೆ ಬಂದಾಗ, ಹಾಲನ್ನು ಗಡ್ಡೆಗಟ್ಟಿಸುವ ರೆನೆಟ್ ಹಾಕುತ್ತಾರೆ. ಗಡ್ಡೆಯಾದದ್ದನ್ನು ತಂತಿಯ ಚೌಕಟ್ಟಿನಿಂದ ಕಾಳಿನಷ್ಟು ಸಣ್ಣಗೆ ಕತ್ತರಿಸಿ, ಕೈಬಿಡದೆ ಕಲಕುತ್ತ 53 ಡಿಗ್ರಿ ದಾಟಿಸುತ್ತಾರೆ. ಸಾಕೋ ಸಾಲದೋ ಎಂದು ಹೇಳುವುದು ಕೈಯೇ. ಒಂದು ಹಿಡಿ ಕಾಳು ತೆಗೆದು ಹಿಂಡಿದರೆ ಉಂಡೆಯಾಗಬೇಕು, ಉಜ್ಜಿದರೆ ಬಿಡಿಬಿಡಿಯಾಗಿ ಉದುರಬೇಕು. ಉದುರದಿದ್ದರೆ ಒಳಗೆ ಹಾಲೊಡಕು ಉಳಿದಿದೆ; ಚೀಸ್ ಹುಳಿಯಾಗಿ, ಪುಡಿಪುಡಿಯಾಗುತ್ತದೆ. ತೀರಾ ಒಣಗಿಸಿದರೆ ಕಾಳುಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ.

ಆಮೇಲೆ ಬಟ್ಟೆಯಲ್ಲಿ ಎತ್ತಿ ಬೀಚ್ ಮರದ ಪಟ್ಟಿಯ ಬಳೆಯೊಳಗೆ ತುಂಬುವುದು. ಈ ಬಳೆಯ ಒಳಮೈ ಉಬ್ಬಾಗಿರುತ್ತದೆ, ಹಗ್ಗದಿಂದ ಬಿಗಿ ಮಾಡಬಹುದು. ಗಾಲಿಯ ಅಂಚು ಒಳಕ್ಕೆ ಬಾಗುವುದು ಅದರಿಂದಲೇ. ಅಂಗಡಿಯಲ್ಲಿ ಬೋಫೋರನ್ನು ಗುರುತಿಸಲು ಇದಕ್ಕಿಂತ ಸುಲಭದ ಗುರುತಿಲ್ಲ; ಅಂಚಿನಲ್ಲಿ ಕೇಸೀನ್ ಎಂಬ ಹಾಲಿನ ಪ್ರೋಟೀನಿನಿಂದ ಮಾಡಿದ ನೀಲಿ ಬಿಲ್ಲೆಯೂ ಇರುತ್ತದೆ. ಸುಮಾರು 20 ಗಂಟೆ ಒತ್ತಿನಲ್ಲಿಟ್ಟು, ನಡುನಡುವೆ ಮಗುಚಿ, ನಂತರ ಉಪ್ಪುನೀರಿನಲ್ಲಿ ಮುಳುಗಿಸುತ್ತಾರೆ.

ನೆಲಮಾಳಿಗೆಯ ಕೆಲಸಕ್ಕೆ ಹೆಸರು ಬರುವುದು ಕಡಿಮೆ, ಆದರೆ ರುಚಿಯ ಅರ್ಧ ಅಲ್ಲೇ ಇದೆ. ಸ್ಪ್ರೂಸ್ ಹಲಗೆಗಳ ಮೇಲಿನ ಗಾಲಿಗಳಿಗೆ ಮೊದಲು ಉಪ್ಪು ಸವರಿ, ಆಮೇಲೆ ‘ಮೋರ್ಜ್’ ಎಂಬ ಉಪ್ಪಿನ ದ್ರಾವಣದಿಂದ ಉಜ್ಜಿ ಮಗುಚುತ್ತಾರೆ. ಹಳೆಯ ಗಾಲಿಗಳ ಸಿಪ್ಪೆಯ ಸೂಕ್ಷ್ಮಾಣುಗಳು ಅದರಲ್ಲಿರುತ್ತವೆ. ಹೊಸ ಗಾಲಿಗೆ ಕಂದು ಸಿಪ್ಪೆ ಹತ್ತುವುದು ಅವುಗಳಿಂದ. ಉಜ್ಜುವುದು ತಪ್ಪಿದರೆ ಬೂಷ್ಟು ಹಿಡಿಯುತ್ತದೆ. ಈಗ ಹಲವು ಕಡೆ ಈ ಕೆಲಸ ರೋಬೋಟ್‌ಗಳದ್ದು. ಅದರಿಂದ ಪರಂಪರೆ ಕೆಟ್ಟಿತೆಂದು ಮೂಗು ಮುರಿಯಬೇಕಿಲ್ಲ, 40 ಕೆಜಿ ಎತ್ತಿ ಇಳಿಸುವವರ ಬೆನ್ನಾದರೂ ಉಳಿಯಿತು.

1950ರ ದಶಕದಲ್ಲಿ ಜನ ಬೆಟ್ಟ ಬಿಟ್ಟು ಕಾರ್ಖಾನೆಗಳತ್ತ ಹೊರಟಿದ್ದರು. ರೋಸ್ಲಾಂದ್ ಅಣೆಕಟ್ಟು ಒಳ್ಳೆಯ ಹುಲ್ಲುಗಾವಲುಗಳನ್ನೇ ಮುಳುಗಿಸಿತು. ಚೀಸನ್ನು ಉಳಿಸಿದ್ದು 1960ರ ದಶಕದ ಹಾಲು ಸಹಕಾರ ಸಂಘಗಳು ಮತ್ತು 1968ರಲ್ಲಿ ಸಿಕ್ಕ ಮೂಲಸ್ಥಾನದ ಮಾನ್ಯತೆ, ಅಂದರೆ ಈ ಸೀಮೆಯಲ್ಲಿ ಗೊತ್ತಾದ ನಿಯಮದಂತೆ ಮಾಡಿದ್ದಕ್ಕಷ್ಟೇ ಈ ಹೆಸರು ಎಂಬ ಕಾನೂನು ರಕ್ಷಣೆ.

ಚೀಸಿನ ಹೆಸರಿನ ಜೊತೆ ‘ಶಾಲೆ ದಾಲ್ಪಾಜ್’ (ಫ್ರೆಂಚಿನಲ್ಲಿ ಬೆಟ್ಟದ ಹುಲ್ಲುಗಾವಲಿನ ಮನೆ) ಎಂದಿದ್ದರೆ ಅದು 1,500 ಮೀಟರಿಗಿಂತ ಮೇಲೆ, ಒಂದೇ ಹಿಂಡಿನ ಹಾಲಿನಿಂದ, ಬೇಸಿಗೆಯಲ್ಲಿ ಮಾಡಿದ್ದು. ಬೆಲೆ ಹೆಚ್ಚು, ಕೊಡಬಹುದು. ಹಸಿ ಹುಲ್ಲಿನ ಕ್ಯಾರೊಟಿನ್‌ನಿಂದ ಬೇಸಿಗೆಯ ತುಂಡು ಹಳದಿ. ಒಣಹುಲ್ಲಿನ ಕಾಲದ್ದು ದಂತದ ಬಣ್ಣ. ತೂತುಗಳಿದ್ದರೆ ಅಲ್ಲೊಂದು ಇಲ್ಲೊಂದು, ಅಡ್ಡಡ್ಡ ಸಣ್ಣ ಬಿರುಕು ಸಹಜ.

ಸಸ್ಯಾಹಾರಿಗಳು ಮಾತ್ರ ಇದನ್ನು ಬಿಡಬೇಕು. ರೆನೆಟ್ ಕರುವಿನ ಜಠರದ್ದು, ನಿಯಮದಲ್ಲಿ ಬೇರೆ ದಾರಿಯಿಲ್ಲ.