ಗಾಡಿ ತಣ್ಣಗಿರುವಾಗಲೇ ನೋಡಬೇಕು

ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂತು. ಬದಿಯಡ್ಕದ ಮಾಷ್ಟ್ರು. "ಇದು ಎಂತ ಮಾರಾಯ, ಗಾಡಿ ಒಂದು ಬದಿಗೆ ಕೂತಿದೆ. ಪಂಚರ್ ಅಂತ ನೋಡಿದೆ, ಟಯರಲ್ಲಿ ಗಾಳಿ ಸರಿ ಉಂಟು."

ನನಗೆ ಅಲ್ಲೇ ಗೊತ್ತಾಯಿತು. ಎದೆ ಧಸಕ್ ಅಂತು. ಯಾಕೆಂದರೆ ಆ ಗಾಡಿಯನ್ನು ರ‍್ಯಾಂಪಿಗೆ ಹಾಕಿ ನೋಡಿ "ಒಳ್ಳೆ ಗಾಡಿ, ತೆಗೊಳ್ಳಿ ಮಾಷ್ಟ್ರೇ" ಅಂತ ಹೇಳಿದವನು ನಾನೇ. ಹೇಳಿ ಬರೀ ಒಂಬತ್ತು ದಿನ ಆಗಿತ್ತು.

ನಾನು ಉಪ್ಪಳದಲ್ಲಿ ಹೈವೇ ಬದಿಯ ಒಂದು ವರ್ಕ್‌ಶಾಪಿನಲ್ಲಿ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಜರ್ಮನ್ ಗಾಡಿಗಳು. ಕಾಸರಗೋಡಿನಂಥ ಸಣ್ಣ ಜಿಲ್ಲೆಯಲ್ಲಿ ಇಷ್ಟೊಂದು ಬೆಂಜ್, ಬಿಎಂಡಬ್ಲ್ಯು, ಆಡಿ ಎಲ್ಲಿಂದ ಅಂತ ಹೊರಗಿನವರು ಕೇಳುತ್ತಾರೆ. ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಅಲ್ಲಿ ದಿನಾ ಕಣ್ಣೆದುರು ಓಡಾಡುವ ಗಾಡಿ ಊರಲ್ಲೂ ಒಂದು ಇರಲಿ ಅಂತ ಆಸೆ ಬರುವುದು ಸಹಜ. ಹೊಸದಾಗಿ 70-80 ಲಕ್ಷ ಇದ್ದ ಗಾಡಿ ಆರೇಳು ವರ್ಷ ಕಳೆದ ಮೇಲೆ 18-20 ಲಕ್ಷಕ್ಕೆ ಸಿಗುತ್ತದೆ ಅಂದರೆ ಯಾರಿಗೆ ಬೇಡ? ಆದರೆ ಇಳಿದದ್ದು ಗಾಡಿಯ ರೇಟು ಮಾತ್ರ. ಅದರ ಸಾಮಾನಿನ ರೇಟು ಈಗಲೂ 80 ಲಕ್ಷದ ಗಾಡಿಯದ್ದೇ. ಹಾಗಾಗಿ ತೆಗೊಳ್ಳುವ ಮೊದಲು ನಮ್ಮ ಹತ್ತಿರ ತೋರಿಸಲು ತರುತ್ತಾರೆ.

ಮಾಷ್ಟ್ರ ಮಗ ಶಾರ್ಜಾದಲ್ಲಿದ್ದಾನೆ. ಒಂದು ಜರ್ಮನ್ ಡೀಸೆಲ್ ಎಸ್‌ಯುವಿ ನೋಡಿಟ್ಟಿದ್ದ. ಏರ್ ಸಸ್ಪೆನ್ಷನ್ ಇರುವ ಗಾಡಿ, ಅಂದರೆ ಸ್ಪ್ರಿಂಗಿನ ಮೇಲಲ್ಲ, ಗಾಳಿಚೀಲದ ಮೇಲೆ ನಿಲ್ಲುವ ಗಾಡಿ. ಬ್ರೋಕರ್ ಅದನ್ನು ನಮ್ಮಲ್ಲಿಗೆ ತಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಒಂದೂವರೆ ಗಂಟೆ ನೋಡಿದೆ. ಪೇಂಟ್ ಮೀಟರ್ ಇಟ್ಟೆ, ಎಲ್ಲಾ ಕಡೆ 110ರಿಂದ 140 ಮೈಕ್ರಾನ್, ಅಂದರೆ ಕಂಪನಿ ಪೇಂಟ್. ಪುಟ್ಟಿ ಹಾಕಿದ ಕಡೆ ಅದು ಎಷ್ಟೋ ಮೇಲೆ ಹಾರುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ, ಒಂದು ಫಾಲ್ಟೂ ಇಲ್ಲ. ಕೆಳಗೆ ಆಯಿಲ್ ಲೀಕ್ ಇಲ್ಲ. ಚೆಂಗಳದವರೆಗೆ ಓಡಿಸಿದೆ, ಬೆಣ್ಣೆಯ ಹಾಗೆ ಹೋಯಿತು. ರಿಪೋರ್ಟ್ ಬರೆದುಕೊಟ್ಟೆ. ಮಾಷ್ಟ್ರು 19 ಲಕ್ಷ ಕೊಟ್ಟು ತೆಗೊಂಡರು.

ಆ ದಿನ ಬೆಳಿಗ್ಗೆ ಕುಂಬಳೆ, ಸೀತಾಂಗೋಳಿ, ನೀರ್ಚಾಲು ದಾಟಿ ಅವರ ಮನೆ ಮುಟ್ಟುವಾಗ ಏಳೂವರೆ. ಶೆಡ್ಡಿನಲ್ಲಿ ಗಾಡಿ ಎದುರಿನ ಎಡಗಾಲು ಮಡಚಿ ಕೂತ ಹಾಗೆ ಕೂತಿತ್ತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಹೋಗುವಷ್ಟೂ ಜಾಗ ಇಲ್ಲ. ಮಾಷ್ಟ್ರು ಏನೂ ಮಾತಾಡಲಿಲ್ಲ. ಟೀಚರು ಕಾಫಿ ತಂದಿಟ್ಟು ಒಳಗೆ ಹೋದರು.

ಸ್ಟಾರ್ಟ್ ಮಾಡಿದೆ. ಮೊದಲ ಮೂರು ಸೆಕೆಂಡ್ ಎಂಜಿನಿನ ಹಿಂದಿನ ಬದಿಯಿಂದ ಗರಗರ ಅಂತ ಸದ್ದು. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ಸದ್ದು ನಿಂತಿತು. ಗಾಳಿ ತುಂಬಿಸುವ ಕಂಪ್ರೆಸರ್ ಗುಂಯ್ ಅನ್ನುತ್ತಾ ಎರಡು ನಿಮಿಷ ಓಡಿತು, ಗಾಡಿ ಮೆಲ್ಲ ಎದ್ದು ನಿಂತಿತು. ಐದು ನಿಮಿಷ ಕಳೆದು ಯಾರಾದರೂ ಬಂದು ನೋಡಿದ್ದರೆ ಅದು ನಾನು ರಿಪೋರ್ಟ್ ಬರೆದ ಅದೇ ಒಳ್ಳೆ ಗಾಡಿ.

ಅಲ್ಲಿ ಆದದ್ದು ಇಷ್ಟು. ಏರ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನ ಚೀಲ. ಒಳಗೆ ಗಾಳಿ. ಗಾಡಿ ಏಳುವಾಗ ಇಳಿಯುವಾಗ ಆ ರಬ್ಬರ್ ಮಡಚಿಕೊಳ್ಳುತ್ತದೆ. ವರ್ಷ ಕಳೆದ ಹಾಗೆ ಮಡಿಕೆ ಇರುವಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಗಾಳಿ ಒಮ್ಮೆಲೇ ಹೋಗುವುದಿಲ್ಲ, ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಹೋಗುತ್ತದೆ. ಬೆಳಿಗ್ಗೆ ಕಂಪ್ರೆಸರ್ ಅದನ್ನು ತುಂಬಿಸುತ್ತದೆ. ದಿನಾ ಹೀಗೆ ಹೆಚ್ಚು ಹೊತ್ತು ಓಡಿ ಓಡಿ ಕೊನೆಗೆ ಕಂಪ್ರೆಸರೂ ಸುಟ್ಟುಹೋಗುತ್ತದೆ. ರ‍್ಯಾಂಪಿಗೆ ಹಾಕಿ ರಬ್ಬರಿಗೆ ಶಾಂಪೂ ನೀರು ಸ್ಪ್ರೇ ಮಾಡಿದೆವು. ಮಡಿಕೆಯ ಒಳಗಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಅದನ್ನು ಮಾಷ್ಟ್ರಿಗೆ ಕರೆದು ತೋರಿಸಿದೆ. ಅವರು ಕನ್ನಡಕ ಸರಿ ಮಾಡಿ ಬಗ್ಗಿ ನೋಡಿ, "ಇದನ್ನು ಆ ದಿನ ಹಾಕಿ ನೋಡಲಿಲ್ಲವಾ?" ಅಂತ ಕೇಳಿದರು. ನೋಡಿರಲಿಲ್ಲ. ಅದಕ್ಕೆ ಬೇರೆ ಉತ್ತರ ಇರಲಿಲ್ಲ.

ಎದುರಿನ ಎರಡು ಸ್ಟ್ರಟ್ (ಗಾಳಿಚೀಲ ಸೇರಿದ ಕಾಲು), ಒಂದು ಕಂಪ್ರೆಸರ್. ಬಿಲ್ಲು 3 ಲಕ್ಷ ದಾಟಿತು. ಕೂಲಿ ನಾವು ಬಿಟ್ಟೆವು. ಸಾಮಾನಿನ ದುಡ್ಡು ಮಾಷ್ಟ್ರದ್ದೇ ಹೋಯಿತು, ಅವರ ಪೆನ್ಷನ್ ದುಡ್ಡು. ಅದು ಈಗಲೂ ನನ್ನ ಮನಸ್ಸಿನಲ್ಲಿದೆ.

ಸ್ಟಾರ್ಟ್ ಮಾಡುವಾಗ ಕೇಳಿದ ಆ ಗರಗರ ಟೈಮಿಂಗ್ ಚೈನಿನದ್ದು, ಎಂಜಿನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಚೈನ್. ಅದರ ವಿಷಯ ಇನ್ನೂ ದೊಡ್ಡದು. ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಪ್ರೆಶರಿನಲ್ಲಿ. ರಾತ್ರಿ ಗಾಡಿ ನಿಂತಾಗ ಆಯಿಲ್ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಪ್ರೆಶರ್ ಮೇಲೆ ಬರುವವರೆಗೆ ಒಂದೆರಡು ಸೆಕೆಂಡ್ ಚೈನ್ ಸಡಿಲ ಇರುತ್ತದೆ. ಚೈನ್ ಎಳೆದು ಉದ್ದ ಆಗಿದ್ದರೆ, ಅದು ಜಾರುವ ಗೈಡ್ ಪಟ್ಟಿ ಸವೆದಿದ್ದರೆ ಆ ಹೊತ್ತಿನಲ್ಲಿ ಸದ್ದು ಕೇಳಿಸುತ್ತದೆ. ಬಿಸಿ ಎಂಜಿನಿನಲ್ಲಿ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಬಿಎಂಡಬ್ಲ್ಯುವಿನ ಎನ್47, ಬೆಂಜಿನ ಒಎಂ651, ಈ ಎರಡೂ ಡೀಸೆಲ್ ಎಂಜಿನುಗಳಲ್ಲಿ ಚೈನ್ ಇರುವುದು ಹಿಂದೆ, ಗೇರ್‌ಬಾಕ್ಸ್ ಬದಿಯಲ್ಲಿ. ಅದಕ್ಕೆ ಪೂರ್ತಿ ಕೈ ಹಾಕಬೇಕಾದರೆ ಹೆಚ್ಚಾಗಿ ಎಂಜಿನೋ ಗೇರ್‌ಬಾಕ್ಸೋ ಇಳಿಸಬೇಕು. ಸಾಮಾನಿಗಿಂತ ಕೆಲಸವೇ ಜಾಸ್ತಿ. ಚೈನ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಎಂಜಿನ್ ಹೋಯಿತು ಅಂತಲೇ ಲೆಕ್ಕ. ಮಾಷ್ಟ್ರ ಗಾಡಿಯಲ್ಲಿ ನಾವು ಅದನ್ನು ಆ ತಿಂಗಳೇ ಬಿಚ್ಚಿ ಸರಿ ಮಾಡಿದೆವು.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಗಾಡಿ ಒಂದು ರಾತ್ರಿ ನಮ್ಮ ಯಾರ್ಡಿನಲ್ಲಿ ನಿಲ್ಲದೆ ನಾನು ರಿಪೋರ್ಟ್ ಬರೆಯುವುದಿಲ್ಲ. ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯುತ್ತೇನೆ. ಬಾಗಿಲು ತೆಗೆದರೆ ಕೆಲವು ಗಾಡಿಗಳಲ್ಲಿ ಸಸ್ಪೆನ್ಷನ್ ಎಚ್ಚರ ಆಗಿ ಸರಿ ಮಾಡಿಕೊಳ್ಳಲು ಶುರು ಮಾಡುತ್ತದೆ, ಅದಕ್ಕೆ. ಆಮೇಲೆ ಬಾನೆಟ್ ತೆರೆದು ಕೂಲೆಂಟ್ ಮಟ್ಟ ನೋಡುತ್ತೇನೆ, ತಣ್ಣಗಿರುವಾಗ ಮಾತ್ರ ಆ ಗೆರೆ ಸರಿಯಾದ ಲೆಕ್ಕ ಕೊಡುವುದು. ಸೆಲ್ಫ್ ಹೊಡೆಯುವಾಗ ಒಬ್ಬ ಹುಡುಗ ಸೈಲೆನ್ಸರ್ ಹತ್ತಿರ ನಿಲ್ಲುತ್ತಾನೆ, ನೀಲಿ ಹೊಗೆ ಬಂತಾ ಅಂತ ನೋಡಲು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಗೇರ್ ಡ್ರೈವಿಗೆ, ರಿವರ್ಸಿಗೆ ಹಾಕುವಾಗ ಮೊದಲ ಸಲ ಧಡಕ್ ಅನ್ನುತ್ತದಾ ಅಂತ ನೋಡುವುದೂ ಆಗಲೇ.

ಗೇರ್‌ಬಾಕ್ಸ್ ಅಂದಾಗ ಒಂದು ಮಾತು ನೆನಪಾಯಿತು. "ಇದರ ಗೇರ್ ಆಯಿಲ್ ಲೈಫ್‌ಟೈಮ್, ಬದಲಿಸಬೇಕಾಗಿಲ್ಲ" ಅಂತ ಮಾರುವವರು ಹೇಳುತ್ತಾರೆ. ನಂಬಬೇಡಿ. ಬಿಎಂಡಬ್ಲ್ಯುವಿನಂಥ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನ ಒಳಗೆ ಬದಲಿಸಿ ಅನ್ನುತ್ತದೆ. ಬದಲಿಸಿದ ಬಿಲ್ ಉಂಟಾ ಅಂತ ಕೇಳಿ.

ಸ್ಕ್ಯಾನರ್ ವಿಷಯದಲ್ಲೂ ನಾನು ಅಂದು ಸೋತಿದ್ದೆ. ಫಾಲ್ಟ್ ಒಂದೂ ಇಲ್ಲ ಅಂತ ನೋಡಿ ಖುಷಿಪಟ್ಟವನು, ಅದರ ಕೆಳಗಿನ ಇನ್ನೊಂದು ಸಾಲು ಓದಿರಲಿಲ್ಲ. ಫಾಲ್ಟ್ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅಂತ ಎಂಜಿನ್ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಆಮೇಲೆ ಸೇವ್ ಮಾಡಿದ್ದ ರಿಪೋರ್ಟ್ ತೆರೆದು ನೋಡಿದರೆ ಅಲ್ಲಿ 38 ಕಿಲೋಮೀಟರ್ ಅಂತ ಇತ್ತು. ಬ್ರೋಕರನ ಜಾಗದಿಂದ ನಮ್ಮಲ್ಲಿಗೆ ಹೆಚ್ಚು ಕಮ್ಮಿ ಅಷ್ಟೇ ದೂರ. ಹೊರಡುವ ಮೊದಲು ಎಲ್ಲಾ ಒರೆಸಿ ಕಳಿಸಿದ್ದರು. ಈಗ ನಾನು ಮೊದಲು ನೋಡುವುದೇ ಆ ಸಾಲನ್ನು.

ಇನ್ನು ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸನ್‌ರೂಫ್ ಇರುವ ಗಾಡಿಯಲ್ಲಿ ಮಳೆನೀರು ಕೆಳಗೆ ಹೋಗಲು ನಾಲ್ಕು ಮೂಲೆಯಲ್ಲಿ ಸಪೂರ ಪೈಪ್ ಇರುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ, ಹೂ, ಕಸ ಸಿಕ್ಕಿ ಅದು ಕಟ್ಟಿಕೊಳ್ಳುತ್ತದೆ. ನೀರು ಒಳಗೆ ಇಳಿದು ಕಾರ್ಪೆಟಿನ ಅಡಿಯ ಫೋಮಿನಲ್ಲಿ ನಿಲ್ಲುತ್ತದೆ. ಮೇಲಿನಿಂದ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಈ ಗಾಡಿಗಳ ಎಷ್ಟೋ ಕಂಪ್ಯೂಟರುಗಳು ಸೀಟಿನ ಅಡಿ, ಕಾರ್ಪೆಟಿನ ಅಡಿ, ಡಿಕ್ಕಿಯ ಮೂಲೆಯಲ್ಲೇ ಇರುವುದು. ಕನೆಕ್ಟರ್ ಬಿಚ್ಚಿದರೆ ಪಿನ್ನಿಗೆ ಹಸಿರು ಬಣ್ಣದ ಕಿಲುಬು.

ನೆರೆಯಲ್ಲಿ ಮುಳುಗಿದ ಗಾಡಿಯ ಕತೆ ಬೇರೆಯೇ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2018ರ ಆಗಸ್ಟಿನಲ್ಲಿ ನಮ್ಮ ಕೇರಳವೇ ಮುಳುಗಿತು. ನೆರೆ ಬಂದ ಊರಿನ ಗಾಡಿ ತೊಳೆದು ಒರೆಸಿ ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತದೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಸೀಟ್ ಬೆಲ್ಟನ್ನು ಕೊನೆಯವರೆಗೆ, ಇನ್ನು ಬರುವುದಿಲ್ಲ ಅನ್ನುವವರೆಗೆ ಎಳೆಯಿರಿ. ಗಾಡಿಯೊಳಗೆ ಎಲ್ಲವನ್ನೂ ತೊಳೆದವರು ಸುತ್ತಿಕೊಂಡ ಬೆಲ್ಟಿನ ಕೊನೆಯನ್ನು ತೊಳೆಯಲು ಮರೆಯುತ್ತಾರೆ. ಒಂದು ಸಲ ಹೀಗೆ ಎಳೆದಾಗ ಕೊನೆಯ ಒಂದು ಗೇಣು ಬೆಲ್ಟಿನಲ್ಲಿ ಬೂದು ಮಣ್ಣಿನ ಗೆರೆ ನೇರ ಅಡ್ಡ ಬಿದ್ದಿತ್ತು, ಪೆನ್ಸಿಲಿನಲ್ಲಿ ಎಳೆದ ಹಾಗೆ. ಮೂಗಿಗೆ ಹತ್ತಿರ ಹಿಡಿದರೆ ಕೆಸರಿನ ವಾಸನೆ. ಒಳಗೆ ಹೊಸ ಲೆದರ್, ಮಲ್ಲಿಗೆ ಪರ್ಫ್ಯೂಮ್. ತೆಗೊಳ್ಳಲು ಬಂದ ಹುಡುಗ ಅಡ್ವಾನ್ಸ್ ಕೊಡಲು ದುಡ್ಡು ಕೈಯಲ್ಲೇ ಹಿಡಿದು ನಿಂತಿದ್ದ.

ಕಾಗದದಲ್ಲೂ ಗಾಡಿ ತನ್ನ ಕತೆ ಹೇಳುತ್ತದೆ. ಈಗಿನ ಓನರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟು ಅಂತ ನೋಡಿ. ಕ್ಲೇಮ್ ಮಾಡದೇ ಇದ್ದರೆ ಅದು ವರ್ಷ ವರ್ಷ 20, 25, 35, 45, 50 ಶೇಕಡಾ ಹೀಗೆ ಏರುತ್ತಾ ಹೋಗುತ್ತದೆ. ಒಬ್ಬರೇ ಓನರ್, ಐದಾರು ವರ್ಷ ಆಗಿದೆ, ಆದರೂ ಬೋನಸ್ ಸೊನ್ನೆ ಅಂತಿದ್ದರೆ ಹಿಂದಿನ ವರ್ಷ ಏನೋ ಆಗಿದೆ. ಏನು ಅಂತ ಕೇಳಿ, ಬಿಲ್ ತೋರಿಸಲು ಹೇಳಿ. ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಹಿಸ್ಟರಿ ತೆಗೆಸಿದರೆ ಮೀಟರ್ ತಿರುಗಿಸಿದ್ದೂ ಎಷ್ಟೋ ಸಲ ಗೊತ್ತಾಗುತ್ತದೆ.

ದೆಹಲಿಯ ಗಾಡಿಗಳ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಹೌದೆಂದಿತು. ಆಮೇಲೆ ಎಂಟೊಂಬತ್ತು ವರ್ಷದ ಡೀಸೆಲ್ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರತೊಡಗಿದವು. ಎಲ್ಲವೂ ಕೆಟ್ಟದ್ದಲ್ಲ. ಉಪ್ಪುಗಾಳಿ ತಾಗದ ಗಾಡಿಗಳ ಅಡಿಭಾಗ ನಮ್ಮೂರಿನ ಗಾಡಿಗಳಿಗಿಂತ ಚೆನ್ನಾಗಿರುವುದನ್ನು ನಾನೇ ನೋಡಿದ್ದೇನೆ. ಆದರೆ ಅಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣೆ ಪತ್ರ, ಅಂದರೆ ಎನ್‌ಒಸಿ, ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಕೇರಳದ ಟ್ಯಾಕ್ಸ್ ಕಟ್ಟಿ ಕೆಎಲ್-14 ನಂಬರ್ ಮಾಡಿಸುವ ಖರ್ಚನ್ನೂ ಗಾಡಿಯ ರೇಟಿಗೆ ಸೇರಿಸಿಯೇ ಲೆಕ್ಕ ಹಾಕಿ. ಮಂಗಳೂರಿನ ಕೆಎ-19 ಗಾಡಿಗೂ ಇದೇ ಮಾತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ನಂಬರ್ ಬದಲಿಸಲೇಬೇಕು.

ನಾನು ಎಲ್ಲರಿಗೂ ಹೇಳುವುದು, ಗಾಡಿಗೆ 20 ಲಕ್ಷ ಇಟ್ಟಿದ್ದರೆ 16-17 ಲಕ್ಷದ ಗಾಡಿ ನೋಡಿ. ಉಳಿದದ್ದು ಮೊದಲ ವರ್ಷದ ಕೆಲಸಕ್ಕೆ ಬೇಕು. ಟಯರ್, ಬ್ಯಾಟರಿ, ಬುಶ್, ಆಯಿಲ್ ಅಂತ ಬಂದೇ ಬರುತ್ತದೆ. ಕಂಪನಿ ಡಬ್ಬಿಯ ಸಾಮಾನೇ ಆಗಬೇಕೆಂದಿಲ್ಲ. ಸಸ್ಪೆನ್ಷನ್ ಸಾಮಾನು ಮಾಡುವ ಲೆಮ್‌ಫೋರ್ಡರ್, ಫಿಲ್ಟರ್ ಮಾಡುವ ಮಾಹ್ಲೆ, ಇಂಥವರು ಕಾರ್ ಕಂಪನಿಗಳಿಗೂ ಮಾಡಿಕೊಡುತ್ತಾರೆ. ಅವರದ್ದೇ ಡಬ್ಬಿಯಲ್ಲಿ ತೆಗೊಂಡರೆ ರೇಟು ಎಷ್ಟೋ ಕಮ್ಮಿ.

ಗಲ್ಫಿನಲ್ಲಿರುವವರಿಗೆ ಮಾತ್ರ ಒಂದು ವಿಷಯ ಬಿಡಿಸಿ ಹೇಳಬೇಕು. ವರ್ಷದಲ್ಲಿ ಒಂದು ತಿಂಗಳು ಓಡಿಸಿ ಹನ್ನೊಂದು ತಿಂಗಳು ಟಾರ್ಪಾಲ್ ಹಾಕಿ ಇಡುವುದಾದರೆ ಈ ಗಾಡಿ ತೆಗೊಳ್ಳುವ ಮೊದಲು ಯೋಚಿಸಿ. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ವೋಲ್ಟೇಜ್ ಕಮ್ಮಿಯಾದರೆ ಒಂದೊಂದೇ ಫಾಲ್ಟ್ ತೋರಿಸುತ್ತದೆ. ಇಲಿ ವಯರ್ ಕಡಿಯುತ್ತದೆ. ಮನೆಯವರು ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಇಟ್ಟು ಆಫ್ ಮಾಡುತ್ತಾರೆ, ಅದರಿಂದ ಡೀಸೆಲ್ ಗಾಡಿಯ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಇನ್ನಷ್ಟು ಕಟ್ಟುತ್ತದೆ. ಯಾರಾದರೂ ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸುವವರು ಇರಬೇಕು. ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನಿನ ರಸ್ತೆ ಇದೆ, ಅಲ್ಲಿ ಹೋಗಿ ಬಂದರೆ ಸಾಕು. ಇಲ್ಲದಿದ್ದರೆ ಬ್ಯಾಟರಿಗೆ ಮೆಲ್ಲ ಮೆಲ್ಲ ಚಾರ್ಜ್ ಮಾಡುತ್ತಿರುವ ಒಂದು ಟ್ರಿಕಲ್ ಚಾರ್ಜರ್ ಆದರೂ ಹಾಕಿಡಿ.

ಮಾಷ್ಟ್ರು ಆ ಗಾಡಿ ಮಾರಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಹೇಳಿಕೊಟ್ಟ ಹಾಗೆ ಟೇಪ್ ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅಳತೆಯಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೂ ನನಗೆ ಫೋನ್ ಬರುತ್ತದೆ. ಬರಲಿ.

ಊರಿಗೆ ಬರಲು ಆಗದೆ ಗಲ್ಫಿನಿಂದಲೇ ಗಾಡಿ ಗೊತ್ತು ಮಾಡುವವರು ಮಾರುವವರ ಹತ್ತಿರ ಒಂದು ವಿಡಿಯೋ ಕೇಳಿ. ಬೆಳಿಗ್ಗೆ ಬೇಗ, ಆ ದಿನದ ಮೊದಲ ಸ್ಟಾರ್ಟಿಂಗ್. ಮೊದಲು ನಾಲ್ಕೂ ಚಕ್ರ ತೋರಿಸಬೇಕು, ಆಮೇಲೆ ಬಾನೆಟ್ ತೆರೆದು ಎಂಜಿನ್ ಮೇಲೆ ಕೈ ಇಟ್ಟು ತೋರಿಸಬೇಕು, ಡ್ಯಾಶಿನಲ್ಲಿ ಟೆಂಪರೇಚರ್ ಮುಳ್ಳು ಕೆಳಗಿರುವುದು ಕಾಣಬೇಕು. ಆಮೇಲೆ ಸ್ಟಾರ್ಟ್. ಎಲ್ಲಾ ಒಂದೇ ವಿಡಿಯೋದಲ್ಲಿ, ನಡುವೆ ಕಟ್ ಇಲ್ಲದೆ, ಹಿಂದೆ ಹಾಡು ಹಾಕದೆ. ನನಗೆ ಕಳಿಸಿದರೆ ನಾನೂ ಕೇಳಿ ನೋಡಿ ಹೇಳುತ್ತೇನೆ. ಮೊದಲ ಹತ್ತು ಸೆಕೆಂಡಿನ ಸದ್ದು ಸರಿಯಾಗಿ ಕೇಳಿಸಬೇಕು, ಅಷ್ಟೇ.