‘ನಿಮ್ಮ ಎಚ್-ಇಂಡೆಕ್ಸ್ ಎಷ್ಟು?’ ಅಂತ ಕೇಳುವವರಿಗೆ

ಇನ್ಫರ್ಮೇಶನ್ ಸಿಸ್ಟಮ್ಸ್, ಅಂದರೆ ಜನ ಕೆಲಸದಲ್ಲಿ ಕಂಪ್ಯೂಟರ್, ಸಾಫ್ಟ್‌ವೇರ್ ಹೇಗೆ ಬಳಸುತ್ತಾರೆ ಅನ್ನೋ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದೇ. ನಮ್ಮ ಪೇಪರ್‌ಗಳನ್ನು ಬೇರೆ ಸಂಶೋಧಕರು ಎಷ್ಟು ಹೆಸರಿಸಿದ್ದಾರೆ ಅಂತ ಅಳೆಯುವ ಸಂಖ್ಯೆ ಅದು. ಪಿಎಚ್‌ಡಿಗೆ ಗೈಡ್ ಹುಡುಕುವವರು ಕೇಳುತ್ತಾರೆ, ಇಂಟರ್‌ವ್ಯೂ ಕಮಿಟಿಯವರು ಕೇಳುತ್ತಾರೆ, ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್ ತೆರೆದರೆ ಸಿಗುತ್ತೆ ಅಂತ ಗೊತ್ತಿದ್ದವರೂ ಕೇಳುತ್ತಾರೆ. ನನ್ನದು 11. ಆದರೆ ನೀವು ನಿಜವಾಗಿ ತಿಳಿಯಬೇಕು ಅಂದುಕೊಂಡಿದ್ದು ‘ನಿಮ್ಮ ಸಂಶೋಧನೆಯಿಂದ ಏನಾಯ್ತು’ ಅಂತ ಅಲ್ವಾ? ಅದಕ್ಕೆ 11 ಅನ್ನೋದು ಉತ್ತರ ಆಗಲ್ಲ.

ಈ ಲೆಕ್ಕವನ್ನು 2005ರಲ್ಲಿ ಕೊಟ್ಟವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ನನ್ನ 11 ಪೇಪರ್‌ಗಳಿಗೆ ತಲಾ ಕನಿಷ್ಠ 11 ಸೈಟೇಶನ್ ಬಂದಿದೆ, ಅಂದರೆ ಬೇರೆ ಪೇಪರ್‌ಗಳು ಅವನ್ನು ಅಷ್ಟು ಸಲ ಹೆಸರಿಸಿವೆ, ಅಷ್ಟೇ ಅದರ ಅರ್ಥ. ಜೀವಮಾನದಲ್ಲಿ ಒಂದೇ ಪೇಪರ್ ಬರೆದವರ ಎಚ್-ಇಂಡೆಕ್ಸ್, ಆ ಪೇಪರನ್ನು ಸಾವಿರಾರು ಜನ ಬಳಸಿದರೂ, 1 ದಾಟಲ್ಲ. ವರ್ಷ ಕಳೆದಂತೆ ಸಂಖ್ಯೆ ಏರಬಹುದೇ ಹೊರತು ಇಳಿಯಲ್ಲ. ಇಪ್ಪತ್ತು ವರ್ಷ ಸರ್ವೀಸ್ ಆದವರ ಪಕ್ಕ ಮೊನ್ನೆ ಪಿಎಚ್‌ಡಿ ಮುಗಿಸಿದವರನ್ನು ನಿಲ್ಲಿಸಿ ಅಳೆಯುವುದು ಅನ್ಯಾಯ.

ಹಾಗಂತ ಸೈಟೇಶನ್‌ಗೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ. ನಮ್ಮ ವಿಷಯದಲ್ಲಿ ಎಲ್ಲರೂ ಓದಿರುವ ಒಂದು ಪೇಪರ್ ಇದೆ, 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು ‘ಎಂಐಎಸ್ ಕ್ವಾರ್ಟರ್ಲಿ’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬರೆದದ್ದು. ಹೊಸ ಸಾಫ್ಟ್‌ವೇರ್ ತಂದಿಟ್ಟರೆ ಜನ ಯಾಕೆ ಬಳಸುತ್ತಾರೆ, ಯಾಕೆ ಬಿಡುತ್ತಾರೆ? ಇದು ಅವರ ಪ್ರಶ್ನೆ. ನಾಲ್ಕು ಪ್ರೋಗ್ರಾಮ್, 152 ಬಳಕೆದಾರರು. ಸೋಸಿ ಸೋಸಿ ಕೊನೆಗೆ ಉಳಿದದ್ದು, ಬಳಕೆದಾರರು ಎಷ್ಟು ಒಪ್ಪುತ್ತಾರೆ ಅಂತ ಗುರುತು ಹಾಕುವ ಹನ್ನೆರಡು ವಾಕ್ಯ: ನನ್ನ ಕೆಲಸಕ್ಕೆ ಇದು ಉಪಯೋಗ ಅನ್ನೋ ಧಾಟಿಯ ಆರು, ಇದನ್ನು ಬಳಸೋದು ಸುಲಭ ಅನ್ನೋ ಧಾಟಿಯ ಆರು. ಬಳಕೆಯ ಜೊತೆ ಜಾಸ್ತಿ ನಂಟು ಕಂಡದ್ದು ಉಪಯೋಗಕ್ಕೆ, ಸುಲಭಕ್ಕಲ್ಲ. ಸಾಫ್ಟ್‌ವೇರ್ ಹೆಸರು ಬದಲಿಸಿದರೆ ಆ ಹನ್ನೆರಡು ವಾಕ್ಯ ಬ್ಯಾಂಕ್ ಆ್ಯಪ್‌ಗೂ ಆಗುತ್ತೆ, ಆನ್‌ಲೈನ್ ಪಾಠಕ್ಕೂ ಆಗುತ್ತೆ. ಹತ್ತಾರು ಸಾವಿರ ಸೈಟೇಶನ್ ಬರಲು ಅದೇ ದೊಡ್ಡ ಕಾರಣ ಅಂತ ನನಗನಿಸುತ್ತದೆ. ಬೇರೆಯವರ ಕೈಗೆ ಒಂದು ಅಳತೆಗೋಲು ಕೊಟ್ಟರು. ಸಣ್ಣ ಕೆಲಸ ಅಲ್ಲ ಅದು.

ಆದರೆ ಆ ಪೇಪರನ್ನು ಹೆಸರಿಸುವ ಎಷ್ಟೋ ಪೇಪರ್‌ಗಳು, ಸುಮ್ನೆ ಇನ್ನೂರು ಮುನ್ನೂರು ಜನರಿಂದ ಫಾರ್ಮ್ ತುಂಬಿಸಿ, ‘ಉಪಯೋಗ ಅನ್ನಿಸಿದರೆ ಬಳಸುತ್ತಾರೆ’ ಅಂತ ಮತ್ತೊಮ್ಮೆ ಹೇಳಿ ಮುಗಿಯುತ್ತವೆ. ಓದುವಾಗ ಬೇಜಾರಾಗುತ್ತದೆ. ಸಾಫ್ಟ್‌ವೇರ್ ಮಾಡಿದವರು ಏನು ತಿದ್ದಬೇಕು ಅನ್ನೋದು ಅಲ್ಲಿ ಸಿಗುವುದೇ ಇಲ್ಲ. ಗೈಡ್ ಹುಡುಕುವವರಿಗೆ ಅದಕ್ಕೇ ಹೇಳುತ್ತೇನೆ, ನೀವು ನೋಡಿಟ್ಟ ಗೈಡ್ ಅವರನ್ನು ಸೈಟ್ ಮಾಡಿದ ಐದು ಪೇಪರ್ ತೆರೆದು ನೋಡಿ. ಹೆಸರು ಪೀಠಿಕೆಯಲ್ಲಿ ಆರು ಜನರ ಜೊತೆ ಬಂದು ಹೋಗಿದೆಯೋ, ಅವರ ವಿಧಾನವನ್ನೇ ಎತ್ತಿಕೊಂಡು ಯಾರಾದರೂ ಮುಂದಿನ ಕೆಲಸ ಮಾಡಿದ್ದಾರೋ?

ಬ್ರಿಟನ್‌ನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ‘ರೆಫ್’ ಎಂಬ ಮೌಲ್ಯಮಾಪನವಿದೆ. ಕ್ಯಾಂಪಸ್ಸಿನ ಹೊರಗೆ ಏನು ಬದಲಾಯ್ತು ಅನ್ನೋದಕ್ಕೆ ಅದು 2014ರಲ್ಲಿ ಶೇ 20, 2021ರಲ್ಲಿ ಶೇ 25 ಅಂಕ ಇಟ್ಟಿತು. ಸಾಕ್ಷಿ ಕೊಡಬೇಕು. ಕಷ್ಟ ನಿಜ, ಆದರೂ ಕೇಳಬೇಕಾದ ಪ್ರಶ್ನೆ ಇದು.

ನನಗೆ ಕೇಳಿದರೆ ನಾನು ಹೇಳುವುದು ಒಂದು ಆಸ್ಪತ್ರೆಯ ಕೆಲಸ. ವಾರ್ಡಿನ ಕಂಪ್ಯೂಟರ್ ಪಕ್ಕ ನರ್ಸ್‌ಗಳು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಬಿಪಿ, ಜ್ವರ, ಶುಗರ್ ಎಲ್ಲ ಮೊದಲು ಅದರಲ್ಲಿ ಬರೆದು, ಶಿಫ್ಟ್ ಮುಗಿಯುವ ಹೊತ್ತಿಗೆ ಒಟ್ಟಿಗೆ ಟೈಪ್ ಮಾಡುತ್ತಿದ್ದರು. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ನೋಡಿದ ಜ್ವರ ಡಾಕ್ಟರ್ ಸ್ಕ್ರೀನಿಗೆ ಬರುತ್ತಿದ್ದದ್ದು ಮಧ್ಯಾಹ್ನ. ಸೋಮಾರಿತನ ಅಂತ ಮೇಲಿನವರು ಬೈಯುತ್ತಿದ್ದರು. ಮೂರು ವಾರ ಪಕ್ಕದಲ್ಲೇ ಕೂತು ನೋಡಿದೆವು. ಸ್ಕ್ರೀನ್ ಕೇಳುವ ಕ್ರಮ ಬಿಲ್ಲಿಂಗ್‌ನವರಿಗೆ ಬೇಕಾದ ಕ್ರಮ, ಹಾಸಿಗೆಯ ಪಕ್ಕ ನಿಂತವರದ್ದಲ್ಲ. ಮಧ್ಯೆ ರೋಗಿ ಕರೆದರು ಅಂತ ಎದ್ದು ಹೋದರೆ ಲಾಗೌಟ್, ತುಂಬಿದ್ದೆಲ್ಲ ಹೋಯಿತು. ನಮ್ಮ ವರದಿ ಓದಿ ಸಾಫ್ಟ್‌ವೇರ್‌ನವರು ಕ್ರಮ ಬದಲಿಸಿದರು, ಅರ್ಧ ತುಂಬಿದ್ದು ಉಳಿಯುವಂತೆ ಮಾಡಿದರು. ಎರಡು ತಿಂಗಳ ಮೇಲೆ ಹೋದಾಗ ನೋಟ್‌ಬುಕ್ ಅಲ್ಲೇ ಇತ್ತು, ಆದರೆ ಒಳಗೆ ಇದ್ದದ್ದು ಬರೀ ಫೋನ್ ನಂಬರ್‌ಗಳು.

ಆ ಆಸ್ಪತ್ರೆಯ ಕೆಲಸದ ಪೇಪರ್‌ಗೆ ಈವರೆಗೆ ಬಂದಿರುವುದು 4 ಸೈಟೇಶನ್. ನನ್ನ 11ರ ಲೆಕ್ಕದಲ್ಲಿ ಅದು ಸೇರಿಲ್ಲ.